ಅರವತ್ತನೆಯ ದಿನ

ಕಾರಟಗಿಯ ಅಕ್ಕಿ ಮಿಲ್ಲಿನ ಹಿಂದೆ
ಹರಿದ ಗೋಣಿಚೀಲ ಹೊಲಿಯುವವನು ನಾನು.
ಈ ಕೆಲಸಕ್ಕೆ ಕಾಲು ಬೇಕಿಲ್ಲ.
ದಬ್ಬಣ ಸಾಕು, ಸುತಳಿ ಸಾಕು.

ಮಾಬಮ್ಮನ ಮಗ ರಾಜಾಭಕ್ಷಿ, ಮೂರು ತುಂಬಿಲ್ಲ,
ದಿನಾ ಹೊಟ್ಟಿನ ಗುಡ್ಡೆ ಹತ್ತಿ ಜಾರುವವನು,
ಜ್ವರ ಅಂತ ಎರಡು ದಿನ ಮಲಗಿದ.
ಮೂರನೆಯ ಬೆಳಗ್ಗೆ ಎತ್ತಿ ನಿಲ್ಲಿಸಿದರೆ
ಬಲಗಾಲು ನಿಲ್ಲಲಿಲ್ಲ,
ಒದ್ದೆ ಸುತಳಿಯ ಹಾಗೆ ಮಡಚಿಕೊಂಡಿತು.

ಡಾಕ್ಟರಿಗಿಂತ ಮೊದಲು, ದರ್ಗಾಕ್ಕಿಂತ ಮೊದಲು
ನನ್ನ ಹತ್ತಿರ ಹೊತ್ತು ತಂದಳು.
"ನಿಂದೂ ಹಿಂಗಽ ಸುರುವಾಗಿತ್ತೇನಣ್ಣ?"
ಮುಟ್ಟಿದೆ. ಬಿಸಿಯಿತ್ತು.
ಕಾಲಿನ ಭಾರವೆಲ್ಲ ನನ್ನ ಅಂಗೈಗೆ ಬಂತು.
ಹೌದು ಅನ್ನಲಿಲ್ಲ.

ಆಶಾ ಹುಸೇನಮ್ಮ ಬಂದಳು,
ಕೈಯಲ್ಲಿ ನೀಲಿ ಡಬ್ಬಿ, ಒಳಗೆ ಐಸು.
ಎರಡು ಸಲ ಮಲ ಬೇಕಂತೆ,
ನಡುವೆ ಒಂದು ಹಗಲು, ಒಂದು ರಾತ್ರಿ.
ಅಷ್ಟು ಅಳುವಿನಲ್ಲೂ ಮಾಬಮ್ಮ ನಕ್ಕೇಬಿಟ್ಟಳು:
"ಕಾಲು ಹೋಗ್ಯದ ಅಂದ್ರ ಹೇಲು ಕೇಳ್ತೀಯಲ್ಲವ್ವಾ!"
ಹುಡುಗ ಗಂಗಾವತಿ ದಾಟಿದವನಲ್ಲ.
ಅವನದು ಬೆಂಗಳೂರಿನ ಬಸ್ಸು ಹತ್ತಿತು
ತಣ್ಣಗೆ, ಚೀಟಿ ಅಂಟಿಸಿಕೊಂಡು.

ನನ್ನ ಕಾಲಿಗೆ ಯಾರೂ ಚೀಟಿ ಅಂಟಿಸಲಿಲ್ಲ.
ಅವ್ವ ಬೇವಿನೆಣ್ಣೆ ತಿಕ್ಕಿದಳು.
ಗ್ರಹಣದ ಹೊತ್ತಿಗೆ ತಿಪ್ಪೆಯಲ್ಲಿ
ಸೊಂಟದ ತನಕ ಹೂತು, ಪಕ್ಕದಲ್ಲೇ ಕೂತಳು.
ಗ್ರಹಣ ಬಿಟ್ಟಿತು,
ಸೂರ್ಯನಿಗೆ.

ಪೋಲಿಯೋ ಅಲ್ಲ ಅಂತ ಬಂತು ವರದಿ.
ಅದರ ಬಳಗದ್ದೇ ಇನ್ನೊಂದಂತೆ,
ಹೆಸರಿಲ್ಲ, ಬರೀ ನಂಬರು.
"ನಂಬರಿಗೆ ಹರಕಿ ಹೊರೋದು ಹೆಂಗ?"
ಮಾಬಮ್ಮ ಕೇಳಿದಳು. ಹುಸೇನಮ್ಮ
ಕಾಲು ನೀವುವುದು ಹೇಗೆಂದು ಹೇಳಿಕೊಟ್ಟಳು.

ಅರವತ್ತನೆಯ ದಿನ ದೊಡ್ಡ ಡಾಕ್ಟರು ಜೀಪಿನಲ್ಲಿ ಬಂದು
"ನಡಸ್ರಿ ನೋಡೋಣ" ಅಂದರು.
ಹುಡುಗ ಗೋಡೆ ಹಿಡಿದ. ಗೋಡೆ ಬಿಟ್ಟ.
ಚೀಲದ ಅಟ್ಟಿಗೆ ಆತು ಆತು
ನನ್ನ ತನಕ ಬಂದ, ಹಿಮ್ಮಡಿ ಇನ್ನೂ ಎಳೆಯುತ್ತ.
ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ.

ಸುಳ್ಳು ಯಾಕೆ ಹೇಳಲಿ,
ಬೀಳಲಿ ಅನ್ನಿಸಿತು ಒಂದು ಗಳಿಗೆ.
ಒಂದೇ ಗಳಿಗೆ.
ಅಷ್ಟರಲ್ಲಿ ನನ್ನ ಊರುಗೋಲು ಎಳೆದುಕೊಂಡು
ಕುದುರೆ ಮಾಡಿ ಏರಿ
ಹೊಟ್ಟಿನ ಗುಡ್ಡೆಯ ಕಡೆ ಹೊರಟೇಬಿಟ್ಟ.

ಕೂತಲ್ಲಿಂದಲೇ ಕೂಗಿದೆ:
"ಲೇ ಸವಾರಾ, ಹೊತ್ತು ಮುಳುಗೋದ್ರಾಗ ವಾಪಸ್ ತಾ,
ನಾನೂ ಮನಿಗೆ ಹೋಗಬೇಕು."