ಕಟ್ಟಿದ್ದು ಹನ್ನೊಂದು

ಕುಣ್ಯಾಗ ಕಾಲಿಟ್ಟಽ ಹೊಟ್ಟಿ ಹೊರದ ಮನಿತನ ನಮ್ಮದು;
ಮಗ್ಗದ ಕುಣಿ, ಮತ್ತೊಂದು ಅನಕೋಬ್ಯಾಡ್ರಿ.
ಬೆಟಗೇರಿಯ ಆ ಓಣ್ಯಾಗ
ಕೋಳಿಗಿಂತ ಮೊದಲ ಲಾಳಿ ಏಳತಿತ್ತು.
ನಾ ಕಂಡಿಕಿ ಸುತ್ತಾಕಿ. ಅಣ್ಣ ಸಾಂಬ
ಹರದ ಎಳಿಗೆ ಗಂಟು ಹಾಕಾಂವ.
ಆ ಗಂಟು ಸೀರಿ ಉಟ್ಟಾಕಿಗೂ ಗೊತ್ತಾಗಬಾರದು,
ಗೊತ್ತಾದ್ರ ಅಪ್ಪನ ಕೈ ಅವನ ಬೆನ್ನ ಮ್ಯಾಲ.

ಅವಽ ಬಟ್ಟು ಹುಬ್ಬಳ್ಯಾಗ ಡಾಕ್ಟರಕಿ ಕಲಿತು
ಮಿಲಿಟರಿ ಸೇರಿದುವು.
ಊರಿಲ್ಲದ ಪತ್ರ ಬರತಿದ್ದುವು, ಬರೇ ನಂಬರಿನ ಅಂಚೆ.
ಹಿಂದಿನ ಮಗ್ಗಲಿಗೆ, ಹೆಸರಿನ ಮುಂದ
ಕ್ಯಾಪ್ಟನ್ ಹೋಗಿ ಮೇಜರ್ ಬಂತು, ಕರ್ನಲ್ ಬಂತು;
ಒಳಗ ಮಾತ್ರ ಅದಽ ಮೂರು ಸಾಲು:
ಆರಾಮ ಅದೀನಿ.
ಅವ್ವಗ ಕಣ್ಣಿನ ಔಷಧ ಬಿಡಬ್ಯಾಡ ಅನ್ನು.
ಇಲ್ಲಿ ಚಳಿ.

ನನ್ನ ಮದಿವ್ಯಾಗ ಅಕ್ಕಿಕಾಳು ಹಾಕಿ
ಸಂಜಿ ಗಾಡಿಗೇ ಹೊಂಟ.
ಎಂಟನೂರು ಹಾಸಿಗಿ ದವಾಖಾನಿ ಅವನ ಕೈಯಾಗಂತ;
ಸೂಟಿಗೆ ಬಂದ್ರ ಗ್ವಾಡಿಗೆ ಆತು ಕುಂತಽ ನಿದ್ದಿ.
ಬ್ರಿಗೇಡಿಯರ್ ಆದ ಸುದ್ದಿ ಓದಿ ಹೇಳಿದಾಗ
ಅವ್ವ ಗಾಬರಿಯಾಗಿ ಕೇಳಿದಳು:
"ಹಂಗಾರ ಡಾಕ್ಟರಕಿ ಬಿಟ್ಟನೇನ?"

ರಿಟೈರ್ ಆಗಿ ಬಂದ. ಟ್ರಂಕು ಎರಡು, ಪದಕದ ಡಬ್ಬಿ ಒಂದು.
ಡಬ್ಬ್ಯಾಗ ಈಗ ನನ್ನ ಸೂಜಿ, ಗುಂಡಿ;
ಪದಕ ಎಲ್ಲಿಟ್ಟಾನೋ, ಕೇಳಿಲ್ಲ.
ಮುಂಜಾನಿ ಪಡಸಾಲ್ಯಾಗ ಓಣಿಯವರ ಬಿ.ಪಿ. ನೋಡತಾನ,
ಕೆಮ್ಮಿದ್ರ ಬೈತಾನ, ಬೀಡಿ ವಾಸನಿ ಬಂದ್ರ ಹೆಚ್ಚಿಗೆ ಬೈತಾನ.

ಒಂದಿನ ನಾ ಹಾಸು ಹೂಡಾಗ ಬಂದು ನಿಂತ.
"ಈ ಅಂಚಿಗೆ ಕರಿ ಎಳಿ ಎಷ್ಟು?"
"ಎಂಬತ್ತು."
"ನನ್ನವು ಹನ್ನೊಂದು."

ಆಮ್ಯಾಲ ಹೇಳಿದ. ಬಾಜೂ ಮನಿ ಮಗ್ಗದ ಸಪ್ಪಳದಾಗ
ಅರ್ಧ ಕೇಳಿಸಿತು, ಅರ್ಧ ಇಲ್ಲ.
ಹಿಮದ ಗುಡ್ಡ. ಗಾಯಾಳು ನಲವತ್ಮೂರು.
ಡಾಕ್ಟರ ಇವನೊಬ್ಬ, ವಯಸ್ಸು ಇಪ್ಪತ್ತೇಳು.
ಕೆಂಪು ಚೀಟಿ ಕಟ್ಟಿದ್ರ ಈಗಿಂದೀಗ ಒಳಗ,
ಹಳದಿ ಕಟ್ಟಿದ್ರ ತಡದೀತು,
ಕರೀದು ಕಟ್ಟಿದ್ರ
ಮುಂದಿನವನ ಕಡೆ ಹೊಳ್ಳೋದು.
"ಕಣ್ಣು ತೆರದಿದ್ದವರಿಗೂ ಕಟ್ಟೀನಿ," ಅಂದ.
"ಕೈ ನಡುಗಲಿಲ್ಲ. ಅಪ್ಪ ಕಲಿಸಿದ ಗಂಟು."

ವರ್ಷಕ್ಕೊಮ್ಮೆ, ಥಂಡಿಯೊಳಗ, ಮುಳಗುಂದದಿಂದ ಬರತಾನ
ಹವಾಲ್ದಾರ ದಾವಲಸಾಬ ನದಾಫ, ಎಡಗಾಲು ಕಟ್ಟಿಗೀದು,
ಬಗಲಾಗ ತಾನಽ ಹತ್ತಿ ಹಿಂಜಿ ತುಂಬಿದ ಹೊಸಾ ತಲಿದಿಂಬು.
ಅಟ್ಟದ ಮ್ಯಾಲ ಏಳು ಅದಾವ, ಇದು ಎಂಟು;
ಇಡೂದೆಲ್ಲಿ ಅನ್ನೂದು ನನ್ನ ಚಿಂತಿ.
ಬಾಗಲಾಗಽ ಸೆಲ್ಯೂಟ್ ಹೊಡದು ನಗತಾನ:
"ಸಾಹೇಬ್ರ ಲೆಕ್ಕದಾಗ ನಾ ಸತ್ತು
ಮೂವತ್ತೊಂಬತ್ತು ವರ್ಷಾತು, ಅಕ್ಕಾರ!"
ಯಾವನೋ ಸ್ಟ್ರೆಚರ್ ಹುಡುಗ,
ಬಣ್ಣ ತಿಳೀದಾಂವೋ, ಕತ್ತಲಾಗ ಕಾಣದಾಂವೋ,
ಇವನ್ನ ಎತ್ತಿ ಕೆಂಪಿನ ಸಾಲಿನ್ಯಾಗ ಇಟ್ಟಿದ್ದನಂತ.

"ಹಂಗಾರ ಹತ್ತು ಅನ್ನಪಾ," ಅಂದೆ ಅಣ್ಣಗ, "ಒಂದು ಕಳಿ."
"ಉಳದದ್ದು ಒಂದು," ಅಂದ. "ಕಟ್ಟಿದ್ದು ಹನ್ನೊಂದು."

ಈ ಸಲ ನಾ ಚಹಾ ತಂದಾಗ
ದಾವಲಸಾಬ ತೋಳು ಸರಿಸಿ ಮುಂಗೈ ಚಾಚಿದ್ದ:
"ನೋಡ್ರಿ ಸಾಹೇಬ್ರ, ಐತೇನು?"
ಅಣ್ಣ ಮೂರು ಬಟ್ಟು ಇಟ್ಟ, ಗಡಿಯಾರ ನೋಡಿದ.
"ಅವತ್ತ ಹತ್ತು ಸೆಕೆಂಡ್ ಹಿಡದಿದ್ದೆ," ಅಂದ, ಯಾರಿಗೋ.
ನಿಮಿಷಾತು.
ಚಹಾದ ಮ್ಯಾಲ ಕೆನಿ ಕಟ್ಟಿತು.
ಬಾಜೂ ಮನಿ ಮಗ್ಗ ಊಟಕ್ಕ ನಿಂತಿತು, ಮತ್ತ ಸುರುವಾತು.
ಮುಳಗುಂದದ ಬಸ್ಸಿನ ಹೊತ್ತು ಮೀರಿತು.
ದಾವಲಸಾಬ ಕೈ ಎಳಕೊಳ್ಳಲಿಲ್ಲ.