ಎಡಗಿವಿ

ಕುಂದರು ಮಾಬೂಬಿ, ಒಂದ ಮಗ್ಗಲಾಗಿ ಕುಂದರು.
ಕೂಸಿನ ತಲಿ ನನ್ನ ಬೆನ್ನಿಗೆ ತಾಗಿದ್ರೂ ನಡೀತೈತಿ.
ಹಳದಿ ಮಡ್‌ಗಾರ್ಡಿನ ಈ ಪೈಲಟ್ ಗಾಡಿ
ಇವತ್ತ ಇಪ್ಪತ್ತರ ಮ್ಯಾಲ ಓಡಂಗಿಲ್ಲ.
ಝುವಾರಿನಗರದಿಂದ ಚಿಕಲಿಂ ದವಾಖಾನಿತನಾ
ಒಂದ ಮಾತು ಹೇಳ್ತೀನಿ.
ಬಾಡಿಗಿ ಬ್ಯಾಡ.

ನಿಮ್ಮತ್ತಿ ಬಾಗಲದಾಗ ಅಂದದ್ದು ಕೇಳಿಸ್ತು:
"ನೆಟ್ಟಗಿದ್ದ ಕೂಸಿಗೆ ಸೂಜಿ ಚುಚ್ಚಿಸಿ ಜ್ವರಾ ತರಸ್ತಾಳ."
ಬರ್ತೈತಿ, ಸುಳ್ಳಲ್ಲ. ಒಂದಿನಾ, ಎರಡ ದಿನಾ.
ತೊಡಿ ಕೆಂಪಗ ಬಾತಿರತೈತಿ,
ರಾತ್ರಿ ಎತ್ತಿಕೊಂಡು ಅಡ್ಡಾಡಬೇಕಾಗತೈತಿ.
ನಾ ನೋಡಿದ ಜ್ವರಾ ಬ್ಯಾರೆ.

ನಮ್ಮ ಭೂಮಿಕಾಗ ಆವಾಗ ನಾಕ ವರ್ಷ.
ಸಂಜಿಮುಂದ ಮೈ ಸುಡಾಕತ್ತು, ಎರಡ ಸಲ ವಾಂತಿ.
ನಾವೇನಂತೀವಿ? ಬಿಸಲು. ಭಜಿ ಎಣ್ಣಿ. ದೃಷ್ಟಿ.
ನಮ್ಮವ್ವ ಮೆಣಸಿನಕಾಯಿ ನಿವಾಳಿಸಿದ್ಳು.
ಬಲ್ಬ್ ಹಚ್ಚಿದ್ರ ಕಣ್ಣ ಮುಚ್ಕೊಂಡು ಚೀರಿದ್ಳು ಹುಡುಗಿ,
ಬೆಳಕ ಕೈ ಎತ್ತಿ ಹೊಡದಂಗ.
"ಗೆಜ್ಜಿ ನೋಡ್ಕೊ ಪುಟ್ಟಿ" ಅಂದ್ರ
ಗದ್ದ ಎದಿಗೆ ಬರವಲ್ಲದು.
ಕುತ್ತಿಗಿ ಒಣಗಿದ ಬಿದಿರಗಳಾ ಆಗಿತ್ತು.
ನಾ ಅಂದೆ, ದಿಂಬು ಸರಿ ಇಲ್ಲ.

ದಿಂಬು!
ಹತ್ತ ತಾಸು ಕಳದೆ ನಾನು ಆ ದಿಂಬಿನ ಮ್ಯಾಲ.

ನಡುರಾತ್ರಿ ಇದ ಗಾಡಿ, ಹಿಂದ ನನ್ನ ಹೇಣ್ತಿ,
ನಡುವ ಬಾಗಲಾರದ ಮಗಳು,
ನನ್ನ ಬೆನ್ನಿಗೆ ಏಣಿ ಆನಿಸಿದಂಗ.
ನೂರಾ ಎಂಟಕ್ಕ ಫೋನ್ ಮಾಡಬೇಕಿತ್ತು,
ತಿಳೀಲಿಲ್ಲ.
ಝುವಾರಿ ಪೂಲಿನ ಮ್ಯಾಲ ಗಾಳಿ.
ಆಕಿ ಅಳೂದು ನಿಲ್ಲಿಸಿದ್ಳು. ನಾವು ಪಾರಾದಿವಿ ಅನ್ಕೊಂಡಿವಿ.
ಅಳಲಾರದ್ದು, ಎಬ್ಬಿಸಿದ್ರೂ ಏಳಲಾರದ್ದು
ಎಲ್ಲಾದಕಿಂತ ಕೆಟ್ಟ ಗುರುತು ಅಂತ
ಬಾಂಬೋಳಿಯ ಡಾಕ್ಟರಮ್ಮ ಆಮ್ಯಾಲ ಹೇಳಿದ್ರು.

ಬೆನ್ನನೀರು ತಗೀಬೇಕು, ಸಹಿ ಹಾಕು ಅಂದ್ರು.
ಕಾಲು ಹೋಗತಾವ ಅಂತ ಮಂದಿ ಹೆದರಿಸಿದ್ರು.
ಹಾಕಿದೆ. ಕೈ ನಡುಗಿ ನನ್ನ ಹೆಸರು
ಬ್ಯಾರೆ ಯಾರದೋ ಆತು.
ಮೆನಿಂಜೈಟಿಸ್.
ಮಿದುಳಿನ ಪೊರಿಗೆ ಬಾವು.
ಮೂರ ಸಲ ಕೇಳಿ ಬೀಡಿಕಟ್ಟಿನ ಮ್ಯಾಲ ಬರಕೊಂಡೆ.
ಸೂಜಿಯ ಕಾರ್ಡ್ ಐತೇನು ಅಂದ್ರು.
ಇತ್ತು, ಪೆಟಿಗ್ಯಾಗ.
ಒಂದ ಸಲ ಹಾಕಿಸಿದ್ವಿ. ಆಮ್ಯಾಲ ಸುಗ್ಗಿಗೆ ಊರು,
ತಿರುಗಿ ಇಲ್ಲಿ, ಹೊಸ ಖೋಲಿ.
ಕಾರ್ಡಿನ್ಯಾಗ ಖಾಲಿ ಚೌಕ, ಖಾಲಿ ಚೌಕ,
ಬಾಗಲಾ ತಗದಿಟ್ಟ ಮನಿಯಂಗ.

ಜೀವಾ ತಿರುಗಿ ಕೊಟ್ರು. ಎಡಗಿವಿ ಕೊಡಲಿಲ್ಲ.
ಈಗ ಕನ್ನಡಸಾಲಿಗೆ ಹೋಗತಾಳ.
ರಸ್ತೆ ಯಾವಾಗ್ಲೂ ಬಲಗಿವಿ ಕಡೆ ಇರಲಿ ಅಂತ
ಹೋಗೂ ಮುಂದ, ಬರೂ ಮುಂದ
ಎಡ ಅಂಚು ಹಿಡದು ನಡಿಯಾಕ ಕಲಿಸೀನಿ.
ನಾ ಎಡಗಡೆ ನಿಂತು ಹೆಸರು ಕರದ್ರ
ಆಕಿ ಗ್ವಾಡಿ ನೋಡ್ತಾಳ.

ಒಂದ ಸೂಜಿ ಎಲ್ಲಾ ಥರದ್ದನ್ನೂ ತಡಿಯೂದಿಲ್ಲ,
ಅದನ್ನೂ ಹೇಳಬೇಕು, ಸುಳ್ಳ ಯಾಕ?
ಹಾಕಿಸಿದ್ರೂ ಕೂಸಿನ ನೆತ್ತಿ ಉಬ್ಬಿದ್ರ,
ಮಲಿ ಬಿಟ್ಟು ಒಂದ ಸವನ ಕಿರಿಚಿದ್ರ,
ಗಾಜಿನ ಲೋಟಾ ಒತ್ತಿದ್ರೂ ಮಾಸದ ಕೆಂಪು ಚುಕ್ಕಿ ಕಂಡ್ರ
ಯಾರನೂ ಕೇಳಬ್ಯಾಡ. ದೃಷ್ಟಿ ಆಮ್ಯಾಲ ತಗಿ.
ಆದ್ರ ಹಾಕಿಸು.
ಆರು ವಾರಕ್ಕ ಇವತ್ತಿಂದು. ಹತ್ತಕ್ಕ ಮತ್ತ, ಹದಿನಾಕಕ್ಕ ಮತ್ತ,
ಒಂಬತ್ತು ತಿಂಗಳಾದ ಮ್ಯಾಲೂ ಐತಿ. ಸಿಸ್ಟರ್ ಬರದು ಕೊಡತಾರ.
ಊರಿಗೆ ಹೋದ್ರೂ ಕಾರ್ಡ್ ಒಯ್ಯಿ, ಅಲ್ಲೂ ಹಾಕತಾರ.
ದುಡ್ಡ ಇಲ್ಲ.

ಏ, ನೋಡ್ಕೊ! ಹಾಳಾದ ಟ್ರಕ್ಕು,
ಎಡಕ್ಕ ನುಗ್ಗಿ ಹಾರ್ನ್ ಹೊಡೀತಾನ.
ಬೆಚ್ಚಿತೇನು ಕೂಸು?
ಬಯ್ಯಬ್ಯಾಡ ತಂಗೀ ಅವನಿಗೆ.
ಬೆಚ್ಚಿತಲ್ಲ.
ಬೆಚ್ಚಲಿ.
ಇಳಿ, ದವಾಖಾನಿ ಬಂತು.