ತೊಟ್ಟು ಬಿಡಿಸಿದ ಸಂಜೆ

ಐದೂವರೆಗೆ ಬಾಬ್ ಅಲ್-ಬಹ್ರೇನಿನ ಕಮಾನಿನಡಿ ಒಂಬತ್ತು ಜನ.
ಬದ್ರಿಯಾ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.
ಕೈಯಲ್ಲಿ ಹಸಿರು ಛತ್ರಿ, ಬಿಸಿಲಿಗಲ್ಲ, ಗುರುತಿಗೆ.
'ಈ ನಡಿಗೆಯಲ್ಲಿ ಯಾರ ನಾಲಿಗೆಯೂ ಉರಿಯುವುದಿಲ್ಲ,
ಅಳಲೇಬೇಕೆಂದರೆ ಈರುಳ್ಳಿಗೆ ಅಳಿ' ಅಂದಳು.
ನನ್ನ ಹೆಸರು ಬರೆದುಕೊಳ್ಳುವಾಗ ನಕ್ಕಳು:
'ಫಕೀರಪ್ಪ? ಎಂಟು ದಿನಾರು ಕೊಟ್ಟ ಫಕೀರನೆ?'

ನಾನು ಬ್ಯಾಡಗಿಯವನು.
ಅಂಗಿಯ ಒಳಜೇಬಿನಲ್ಲಿ ನೂರು ಗ್ರಾಂ ಸ್ಯಾಂಪಲ್ಲು,
ನಾಳೆ ಹತ್ತಕ್ಕೆ ಮಸಾಲೆ ಕಂಪನಿಯ ಮೂರನೇ ಮಹಡಿಯಲ್ಲಿ
ಮುರಿದು, ಮೂಸಿ ನೋಡಿಸಿ, ದರ ಹೇಳಬೇಕಾದದ್ದು.
ಇವತ್ತು ಕೆಲಸವಿರಲಿಲ್ಲ. ಹೋಟೆಲಿನ ಹುಡುಗ ಚೀಟಿ ಕೊಟ್ಟ:
ಏಳು ತಿನಿಸು, ಖಾರವಿಲ್ಲ.
ರೊಕ್ಕ ಕೊಟ್ಟು ಸಪ್ಪೆ ತಿನ್ನುವ ಮಗ
ನಮ್ಮ ಓಣಿಯಲ್ಲಿನ್ನೂ ಹುಟ್ಟಿಲ್ಲ ಅಂದುಕೊಂಡೇ ಬಂದೆ.

ಮೊದಲು ಬಲಾಲೀತ್. ಏಲಕ್ಕಿ ಹಾಕಿದ ಸಿಹಿ ಶಾವಿಗೆಗೆ
ಮೊಟ್ಟೆಯ ದೋಸೆ ಹೊದಿಸಿ ಮಲಗಿಸಿದ್ದರು.
ಅಜ್ಜಿ ಇದ್ದಿದ್ದರೆ ಎದ್ದು ಕೈ ತೊಳೆಯುತ್ತಿದ್ದಳು.
ನಾನು ಎರಡನೇ ಸಲ ಹಾಕಿಸಿಕೊಂಡೆ.
ಆಮೇಲೆ ಕಡಲೆ, ಬೇಯಿಸಿದ ನೀರಿನ ಸಮೇತ ಲೋಟದಲ್ಲಿ.
ಆಮೇಲೆ ಮುಹಮ್ಮರ್, ಖರ್ಜೂರದ ಪಾಕದಲ್ಲಿ ಕಂದಾದ ಅನ್ನ,
ಪಕ್ಕಕ್ಕೆ ಹುರಿದ ಮೀನು. ಮುತ್ತಿಗೆ ಮುಳುಗುವವರ ಊಟವಂತೆ:
'ಉಸಿರು ಕಟ್ಟಿ ಮೇಲೆ ಬಂದವನಿಗೆ ಮೊದಲು ಸಿಹಿ ಬೇಕು.'
ಅಲ್ಸರಿನ ಪೋಲೆಂಡ್ ಇಂಜಿನಿಯರು ಪ್ರತಿ ತುತ್ತಿಗೂ ಮುಂಚೆ
ಬದ್ರಿಯಾಳ ಮುಖ ನೋಡಿ ಕೇಳುತ್ತಿದ್ದ: 'ಗ್ಯಾರಂಟಿ?'
ನನ್ನ ಕೈ ಮಾತ್ರ ಜೇಬಿನ ಕಡೆಗೆ ಹೋಗಿ ಹೋಗಿ ಬರುತ್ತಿತ್ತು.

ಬಂಗಾರದಂಗಡಿಗಳ ಹಿಂದೆ, ಇಬ್ಬರು ಎದುರಾದರೆ ಒಬ್ಬರು ಗೋಡೆಯಾಗಬೇಕಾದ ಸಂದಿ.
ಅಲ್ಲಿ ಉಮ್ ಜಾಸಿಮ್, ಅವಳ ಹರೀಸ್.
ಗೋದಿ, ಕುರಿಮಾಂಸ, ರಾತ್ರಿಯಿಡೀ ಬೆಂದು ಕುಟ್ಟಿಸಿಕೊಂಡು
ಯಾವುದು ಯಾರೆಂದು ಅವಕ್ಕೇ ಮರೆತಿತ್ತು.
ಬಿಳಿ. ನಡುವೆ ಒಂದು ಗುಳಿ ತುಪ್ಪ.
ಒಂದು ಚಮಚ. ಗಂಟಲಿಳಿಯುವಷ್ಟರಲ್ಲಿ
ನನಗೆ ಐದು ವರ್ಷ.

ಅವ್ವ ಪೇಟೆಯಲ್ಲಿ ತೊಟ್ಟು ಬಿಡಿಸುತ್ತಿದ್ದಳು, ಕಿಲೋಗಿಷ್ಟು ಎಂದು.
ದೀಪ ಹಚ್ಚುವ ಹೊತ್ತಿಗೆ ಬಂದು
ಹುಣಸೆಹುಳಿ ತಿಕ್ಕಿ, ಬೂದಿ ತಿಕ್ಕಿ, ಮಜ್ಜಿಗೆಯಲ್ಲಿ ಕೈಯಿಟ್ಟು ಕೂತರೂ
ನನ್ನ ಮುಖ ಮುಟ್ಟುತ್ತಿರಲಿಲ್ಲ.
ಕಣ್ಣೊರೆಸಿದ್ದು ಮೊಣಕೈಯಿಂದ.
ಹಾಲನ್ನ ಕಲಸಿ ತುತ್ತು ಕೊಟ್ಟಿದ್ದು ಪಕ್ಕದ ಮನೆಯ ಹುಸೇನಬಿ.
ಅವ್ವ ಎದುರಿಗೆ, ಕೈ ಹಿಂದೆ ಕಟ್ಟಿಕೊಂಡು,
'ಆ ಅನ್ನು, ಆ' ಎಂದು ತಾನೂ ಬಾಯಿ ತೆರೆಯುತ್ತಿದ್ದಳು.

ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ:
ಗಿರಾಕಿಗೆ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದ ಮಾತು.
ಹತ್ತು ತಾಸು ಬಿಡಿಸಿದ ಬೆರಳನ್ನು ಯಾರೂ ಕೇಳಿಲ್ಲ.

ಇಂಜಿನಿಯರು ನನ್ನ ಕಣ್ಣು ನೋಡಿ ಚಮಚ ಕೆಳಗಿಟ್ಟ.
'ಈರುಳ್ಳಿ' ಅಂದೆ.
'ಇದರಲ್ಲಿ ಈರುಳ್ಳಿಯೇ ಇಲ್ಲ!' ಉಮ್ ಜಾಸಿಮ್ ಸಿಟ್ಟಾದಳು,
ಸಿಟ್ಟಿನಲ್ಲೇ ಮೂಗರಳಿಸಿ, ನನ್ನ ಜೇಬಿಗೆ ಬೆರಳು ತೋರಿ,
ತೆಗೆ ಎಂಬಂತೆ ಅಂಗೈ ಚಾಚಿದಳು.
ತೆಗೆದೆ. ಒಂದು ಕಾಯಿ ನಾನು ಮುರಿದೆ, ಒಂದು ಅವಳು.
ಬೀಜ ಕೊಡವಿ, ಸಿಪ್ಪೆಯನ್ನು ತುಪ್ಪದಲ್ಲಿ ಬಿಟ್ಟಳು.
ಮೆಲ್ಲಗೆ ಕೆಂಪು ಇಳಿಯತೊಡಗಿತು.
ಅವಳು ಅರಬ್ಬಿಯಲ್ಲಿ ಏನೋ ಹೇಳಿದಳು. ಬದ್ರಿಯಾ ಛತ್ರಿ ಮಡಚುತ್ತ,
'ಬಣ್ಣ ಚೆನ್ನಾಗಿದೆಯಂತೆ, ದರ ಎಷ್ಟು ಅಂತಾಳೆ.'

ಅಷ್ಟರಲ್ಲಿ ಫಿಲಿಪೀನ್ಸಿನ ನರ್ಸಮ್ಮ
ಫೋನು ಬಂತೆಂದು ಬಟ್ಟಲು ನನ್ನ ಮುಂದಿಟ್ಟಳು,
ಮಗುವಿನ ಸಮೇತ. 'ಎರಡೇ ಚಮಚ, ತಿನ್ನಿಸ್ತೀರಾ?'
ಮಗು ನನ್ನ ಕೆನ್ನೆಗೆ ಕೈ ಚಾಚಿತು.
ನನ್ನ ಬೆರಳ ತುದಿ ಕೆಂಪಗಿತ್ತು.

ಚಮಚ ಇಂಜಿನಿಯರಿಗೆ ಕೊಟ್ಟೆ. ಅವನು ಹೆದರಿ ಹೆದರಿ ಊದಿದ.
ಹಲ್ವಾ ಇನ್ನೂ ಬಾಕಿಯಿತ್ತು, ಬದ್ರಿಯಾ ಗಡಿಯಾರ ನೋಡುತ್ತಿದ್ದಳು.
ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು,
ಕೈ ಹಿಂದೆ ಕಟ್ಟಿಕೊಂಡು,
'ಆ' ಅಂದೆ.